ಕೋಟೆ ಬಿಡಿ, ಕಣ ನೋಡಿ: ನಮ್ಮ ಕಡೆಯಿಂದ ಅಂತರರಾಷ್ಟ್ರೀಯ ಡ್ರೋನ್ ಫೋಟೊ ಸ್ಪರ್ಧೆಗೆ

ದಾವಣಗೆರೆ, ಚಿತ್ರದುರ್ಗದ ಕಡೆ ಕೈಗೆ ಡ್ರೋನ್ ಬಂದವರ ಕಣ್ಣು ಮೊದಲು ಬೀಳುವುದು ದುರ್ಗದ ಕೋಟೆಯ ಮೇಲೆ, ಆಮೇಲೆ ವಾಣಿವಿಲಾಸ ಸಾಗರ, ಅದಾದ ಮೇಲೆ ಸೂಳೆಕೆರೆ. ಮೂರೂ ಕಡೆ ಆಸೆ ಒಂದೇ: ಕಾನೂನು ಬಿಟ್ಟಷ್ಟೂ, ಅಂದರೆ 120 ಮೀಟರ್ ಏರಿಸಿ ಎಲ್ಲವನ್ನೂ ಒಂದೇ ಚೌಕಟ್ಟಿಗೆ ತುಂಬುವುದು. ಊರಿನ ವಾಟ್ಸಾಪ್ ಗುಂಪಿಗೆ ಆ ಫೋಟೊ ಚೆನ್ನ. ಸ್ಪರ್ಧೆಗಲ್ಲ. ಇಟಲಿಯ ಸಿಯೆನಾದಲ್ಲಿ ನಡೆಯುವ ಡ್ರೋನ್ ಫೋಟೊ ಅವಾರ್ಡ್ಸ್‌ನಂಥ ಕಡೆ ಕೂತ ತೀರ್ಪುಗಾರರು ಬೆಟ್ಟದ ಮೇಲಿನ ಕೋಟೆಗಳನ್ನು, ನಕ್ಷೆಯಂತೆ ಕಾಣುವ ಜಲಾಶಯಗಳನ್ನು ರಾಶಿರಾಶಿ ನೋಡಿರುತ್ತಾರೆ. ಚನ್ನಗಿರಿಯ ಅಡಿಕೆ ಕಣವನ್ನು ಮಾತ್ರ ನೋಡಿರುವುದು ಅನುಮಾನ.

ಎತ್ತರದ ಲೆಕ್ಕ ಮೊದಲು ಮುಗಿಸೋಣ. ಸಾಮಾನ್ಯ ಡ್ರೋನ್ ಕ್ಯಾಮೆರಾ 24 ಮಿ.ಮೀ.ಗೆ ಸಮನಾದ ಲೆನ್ಸ್‌ನದು, ಚಿತ್ರ 4:3 ಆಕಾರದ್ದು. ನೇರ ಕೆಳಕ್ಕೆ ನೋಡಿದರೆ ಚೌಕಟ್ಟಿನ ಅಗಲ ಎತ್ತರದ 1.44 ಪಟ್ಟು. 120 ಮೀಟರಿನಿಂದ 173 ಮೀಟರ್ ಅಗಲದ ನೆಲ ಕಾಣುತ್ತದೆ. ಚಿತ್ರ 4,000 ಪಿಕ್ಸೆಲ್ ಅಗಲವಿದ್ದರೆ ಒಂದು ಪಿಕ್ಸೆಲ್ಲಿಗೆ 4.3 ಸೆಂ.ಮೀ. ನೆಲ. ಮೇಲಿನಿಂದ ಮನುಷ್ಯನೆಂದರೆ ಒಂದೂವರೆ ಅಡಿಯ ಭುಜ ಅಷ್ಟೇ. ಅದು ಹತ್ತು-ಹನ್ನೊಂದು ಪಿಕ್ಸೆಲ್ಲಿನ ಚುಕ್ಕಿಯಾಗುತ್ತದೆ. ಅದೇ 30 ಮೀಟರಿಗೆ ಇಳಿದರೆ 43 ಮೀಟರ್ ಅಗಲ, ಭುಜ ನಲವತ್ತು ಪಿಕ್ಸೆಲ್ ದಾಟುತ್ತದೆ. ತಲೆಯ ಮೇಲಿನ ರುಮಾಲು, ಕೈಯಲ್ಲಿನ ಬುಟ್ಟಿ, ಕಾಲಲ್ಲಿ ಎಳೆದ ಸಾಲು ಎಲ್ಲ ಬೇರೆಬೇರೆಯಾಗಿ ಕಾಣುತ್ತವೆ. ಒಂದು ಅಡಿಕೆ ಕಣಕ್ಕೆ ಅಷ್ಟು ಅಗಲ ಧಾರಾಳ.

ಇನ್ನೂ ಇಳಿಯೋಣ ಎನ್ನಿಸುತ್ತದೆ. ಹತ್ತು ಮೀಟರಿಗಿಂತ ಕೆಳಗೆ ಬಂದರೆ ರೆಕ್ಕೆಯ ಗಾಳಿ ಮೆಕ್ಕೆಜೋಳದ ಹೊಟ್ಟನ್ನು ಎಬ್ಬಿಸುತ್ತದೆ, ಮಂಡಕ್ಕಿಯಾದರೆ ಹಾರಿಯೇ ಹೋಗುತ್ತದೆ. ಕಣದವರ ಬೈಗುಳ ನ್ಯಾಯವಾದದ್ದೇ. ಕೆಲಸ ಮಾಡುವವರು ಕತ್ತೆತ್ತಿ ನೋಡಲು ಶುರುಮಾಡಿದರೆ ಚಿತ್ರವೂ ಹೋಯಿತು. 20ರಿಂದ 40 ಮೀಟರ್ ನಡುವೆ ಇರಿ.

ಬೆಳಕಿಗೂ ಕಣದ ಕೆಲಸಕ್ಕೂ ನಮ್ಮಲ್ಲಿ ಒಳ್ಳೆಯ ಹೊಂದಾಣಿಕೆ ಇದೆ. ನೇರ ಮೇಲಿನಿಂದ ತೆಗೆದ ಚಿತ್ರದಲ್ಲಿ ಮನುಷ್ಯ ಚುಕ್ಕಿ, ಅವನ ನೆರಳೇ ಮನುಷ್ಯ. ಸೂರ್ಯ ದಿಗಂತದಿಂದ 15 ಡಿಗ್ರಿ ಮೇಲಿದ್ದಾಗ ಐದೂವರೆ ಅಡಿಯ ಹೆಂಗಸಿನ ನೆರಳು ಇಪ್ಪತ್ತು ಅಡಿ ಬೀಳುತ್ತದೆ. 30 ಡಿಗ್ರಿಗೆ ಬರುವ ಹೊತ್ತಿಗೆ ಒಂಬತ್ತೂವರೆ ಅಡಿಗೆ ಇಳಿದಿರುತ್ತದೆ. ಡಿಸೆಂಬರ್ ಕೊನೆ, ಜನವರಿಯಲ್ಲಿ ಸೂರ್ಯ ಹುಟ್ಟುವುದು 6:45–6:50ರ ಸುಮಾರಿಗೆ. 15 ಡಿಗ್ರಿ ಮುಟ್ಟುವುದು ಎಂಟು ಗಂಟೆಯ ಆಸುಪಾಸು. ರಾತ್ರಿ ಇಬ್ಬನಿಗೆ ಗುಡ್ಡೆ ಮಾಡಿ ತಾಡಪಾಲು ಮುಚ್ಚಿದ ಬೇಯಿಸಿದ ಅಡಿಕೆಯನ್ನು ಬಿಸಿಲಿಗೆ ಹರಡುವುದೂ ಆ ಹೊತ್ತಿಗೇ. ಸಂಜೆ ಐದರ ಹೊತ್ತಿಗೆ ಮತ್ತೆ ಬಳಿದು ಗುಡ್ಡೆ ಹಾಕುವಾಗ ಇನ್ನೊಂದು ಅವಕಾಶ. ಏಪ್ರಿಲ್ ಕೊನೆಯಲ್ಲೂ ಆಗಸ್ಟ್ ಮಧ್ಯದಲ್ಲೂ ಮಧ್ಯಾಹ್ನದ ಸೂರ್ಯ ನಮ್ಮ ನೆತ್ತಿಗೇ ಬರುತ್ತಾನೆ. ಕಂಬದ ನೆರಳು ಕಂಬದ ಬುಡಕ್ಕೇ ಸೇರುತ್ತದೆ, ಚಿತ್ರ ಚಪ್ಪಟೆ. ಆ ಹೊತ್ತಲ್ಲಿ ಬ್ಯಾಟರಿ ಸುಡಬೇಡಿ.

ಕೆಂಪಡಿಕೆಯ ಬಣ್ಣ ಸೆನ್ಸರಿಗೆ ಕಷ್ಟ. ಬೆಳಕಿನ ಹಂಚಿಕೆ ತೋರಿಸುವ ಒಟ್ಟು ಹಿಸ್ಟೊಗ್ರಾಮ್ ಸರಿಯಾಗಿ ಕಂಡರೂ ಕೆಂಪು ಚಾನೆಲ್ ಒಂದೇ ತುಂಬಿ ಹರಿದಿರುತ್ತದೆ, ಆಮೇಲೆ ಕಾಳಿನ ಗೆರೆ ಹುಡುಕಿದರೂ ಸಿಗದು. ಕ್ಯಾಮೆರಾಕ್ಕೆ ಬೀಳುವ ಬೆಳಕಿನ ಮಟ್ಟವನ್ನು (ಎಕ್ಸ್‌ಪೋಷರ್) ಸೊನ್ನೆಗಿಂತ 0.7 ಸ್ಟಾಪ್ ಕಡಿಮೆ ಇಟ್ಟು, ಕ್ಯಾಮೆರಾ ತಿದ್ದದೆ ಬಿಡುವ ರಾ, ಅಂದರೆ ಡಿಎನ್‌ಜಿ ಕಡತದಲ್ಲಿ ತೆಗೆಯಿರಿ. ಮೆಕ್ಕೆಜೋಳದ ಹಳದಿಗೂ ಇದೇ ಮದ್ದು. ಐಎಸ್‌ಒ 100, ವೈಟ್ ಬ್ಯಾಲೆನ್ಸ್ 5500 ಕೆಲ್ವಿನ್‌ಗೆ ಕಟ್ಟಿಹಾಕಿ. ಆಟೊದಲ್ಲಿ ಬಿಟ್ಟರೆ ಪಕ್ಕಪಕ್ಕದ ಎರಡು ಚಿತ್ರಗಳ ಕೆಂಪು ಬೇರೆಬೇರೆಯಾಗಿ ಸರಣಿ ಕೆಡುತ್ತದೆ. ಜನ ಓಡಾಡುತ್ತಿದ್ದರೆ ಶಟರ್ 1/500ಕ್ಕಿಂತ ನಿಧಾನ ಬೇಡ. ಅಂಥ ಕಡೆ ಬ್ರ್ಯಾಕೆಟಿಂಗ್, ಅಂದರೆ ಒಂದೇ ದೃಶ್ಯವನ್ನು ಬೇರೆಬೇರೆ ಬೆಳಕಿನ ಮಟ್ಟದಲ್ಲಿ ತೆಗೆದು ಬೆಸೆಯುವುದು ಕೂಡ ಬೇಡ, ಐದು ಚಿತ್ರ ಬೆಸೆದಾಗ ಒಬ್ಬನಿಗೆ ಮೂರು ಕೈ ಬರುತ್ತವೆ. ಸ್ಥಿರಚಿತ್ರಕ್ಕೆ ಬೆಳಕು ತಗ್ಗಿಸುವ ಎನ್‌ಡಿ ಫಿಲ್ಟರ್ ಹಾಕುವವರನ್ನು ಕಂಡರೆ ಅಯ್ಯೋ ಅನ್ನಿಸುತ್ತದೆ. ಅದು ವಿಡಿಯೊದವರ ಸಾಮಾನು.

ಕ್ಯಾಮೆರಾವನ್ನು ಪೂರಾ 90 ಡಿಗ್ರಿ ಕೆಳಕ್ಕೆ ಇಳಿಸಿದ ಮೇಲೆ ಕಣದ ಅಂಚು ಚೌಕಟ್ಟಿನ ಅಂಚಿಗೆ ಸಮಾನಾಂತರವಾಗುವಂತೆ ಡ್ರೋನನ್ನೇ ತಿರುಗಿಸಿ. ಆಮೇಲೆ ಕಂಪ್ಯೂಟರಿನಲ್ಲಿ ನೆಟ್ಟಗೆ ಮಾಡೋಣ ಎಂದು ಬಿಟ್ಟರೆ ಬರೀ ಮೂರು ಡಿಗ್ರಿ ತಿರುಗಿಸಿ ಕತ್ತರಿಸಿದ್ದಕ್ಕೇ 4,000 ಪಿಕ್ಸೆಲ್ 3,740ರ ಸುಮಾರಿಗೆ ಇಳಿಯುತ್ತದೆ. ಸಿನೆ ಮೋಡಿನಲ್ಲಿ ತಿರುಗುವ ವೇಗ ಕಡಿಮೆ ಇರುವುದರಿಂದ ರಿಮೋಟಿನ ಕೋಲು ಮುಟ್ಟಿದಷ್ಟೇ ತಿರುಗುತ್ತದೆ. ಪಿಕ್ಸೆಲ್ ಲೋಭ ಸುಮ್ಮನೆ ಅಲ್ಲ: ಗೆದ್ದ ಚಿತ್ರವನ್ನು ಪ್ರದರ್ಶನಕ್ಕೆ 60 ಸೆಂ.ಮೀ. ಅಗಲ ಮುದ್ರಿಸಲು ಇಂಚಿಗೆ 150 ಚುಕ್ಕಿ ಎಂದರೂ 3,540 ಪಿಕ್ಸೆಲ್ ಬೇಕು. 12 ಮೆಗಾಪಿಕ್ಸೆಲ್ ಡ್ರೋನಿನಲ್ಲಿ ಕತ್ತರಿಸಲು ಜಾಗವೇ ಇಲ್ಲ. ಸಾಲದೆ ಬಂದರೆ ಡ್ರೋನನ್ನು ಪಕ್ಕಕ್ಕೆ ಸರಿಸುತ್ತ, ಮೂರನೇ ಒಂದು ಭಾಗ ಒಂದರ ಮೇಲೊಂದು ಬರುವಂತೆ ಮೂರು ಚಿತ್ರ ತೆಗೆದು ಹೊಲಿಯಬಹುದು. ಸಮತಟ್ಟಾದ ಕಣದಲ್ಲಿ ಇದು ನಡೆಯುತ್ತದೆ. ನಡುವೆ ಅಡಿಕೆ ಮರ ನಿಂತಿದ್ದರೆ ಹೊಲಿಗೆಯಲ್ಲಿ ಅದರ ತಲೆ ಎರಡಾಗುತ್ತದೆ.

ಇನ್ನು ಕಾಗದಪತ್ರ. ಇದು ಬೇಸರದ ಕೆಲಸ, ಆದರೆ ಸ್ಪರ್ಧೆ ಎಂದ ಮೇಲೆ ತಪ್ಪಿಸಿಕೊಳ್ಳುವ ಹಾಗಿಲ್ಲ: ಚಿತ್ರ ಗೆದ್ದರೆ ಜಾಗದ ಹೆಸರು, ತೆಗೆದವರ ಹೆಸರು ಎರಡೂ ಪತ್ರಿಕೆಗೆ ಬರುತ್ತವೆ. ಹಾರಾಟ ಕಾನೂನುಬದ್ಧವಾಗಿತ್ತೇ ಎಂಬ ಹೊಣೆಯನ್ನು ಇಂಥ ಸ್ಪರ್ಧೆಗಳು ಸಾಮಾನ್ಯವಾಗಿ ಅರ್ಜಿದಾರರ ಮೇಲೇ ಹಾಕಿರುತ್ತವೆ.

2021ರ ಡ್ರೋನ್ ನಿಯಮಗಳ ಪ್ರಕಾರ 250 ಗ್ರಾಂವರೆಗೆ ನ್ಯಾನೊ, ಅಲ್ಲಿಂದ 2 ಕೆ.ಜಿ.ವರೆಗೆ ಮೈಕ್ರೊ. ನ್ಯಾನೊ ಹಾರಿಸಲು ರಿಮೋಟ್ ಪೈಲಟ್ ಪ್ರಮಾಣಪತ್ರ ಬೇಡ. ಮೈಕ್ರೊವನ್ನೂ ದುಡಿಮೆಗಲ್ಲದೆ ಹಾರಿಸುವುದಾದರೆ ಬೇಡ. ಅದೇ ಡ್ರೋನನ್ನು ಮದುವೆ ಶೂಟಿಂಗಿಗೆ ಒಯ್ದರೆ ಬೇಕು. 249 ಗ್ರಾಂ ಎಂದು ಡಬ್ಬಿಯ ಮೇಲೆ ಬರೆದ ಮಿನಿ ಜಾತಿಯ ಡ್ರೋನಿಗೆ ದೊಡ್ಡ ಬ್ಯಾಟರಿ ಹಾಕಿದಿರೋ, ರೆಕ್ಕೆಗೆ ಕಾವಲು ಕಟ್ಟಿದಿರೋ, ಅದು ನ್ಯಾನೊ ಆಗಿ ಉಳಿಯುವುದಿಲ್ಲ. ಕಿರಾಣಿ ಅಂಗಡಿಯ ತಕ್ಕಡಿಯಲ್ಲಿ ತೂಗಿ ನೋಡಿದರೆ ಗೊತ್ತಾಗುತ್ತದೆ. ವಿದೇಶಿ ಡ್ರೋನಿನ ಆಮದು 2022ರ ಫೆಬ್ರವರಿಯಿಂದ ನಿಷಿದ್ಧ. ಆದ್ದರಿಂದ ಸೆಕೆಂಡ್ ಹ್ಯಾಂಡ್ ಕೊಳ್ಳುವಾಗ ಬಿಲ್ಲು ಮತ್ತು ಯುಐಎನ್ (ಡ್ರೋನಿನ ನೋಂದಣಿ) ಸಂಖ್ಯೆ ಇಲ್ಲದ್ದನ್ನು ಎಷ್ಟೇ ಅಗ್ಗಕ್ಕೆ ಕೊಟ್ಟರೂ ಮುಟ್ಟಬೇಡಿ.

ಹಾರಿಸುವ ಮುನ್ನ ಸರ್ಕಾರದ ಡಿಜಿಟಲ್ ಸ್ಕೈ ಜಾಲತಾಣದ ವಲಯ ನಕ್ಷೆ ನೋಡಿ. ಹಸಿರು ವಲಯದಲ್ಲಿ ನೆಲದಿಂದ 400 ಅಡಿವರೆಗೆ ಅನುಮತಿ ಕೇಳಬೇಕಿಲ್ಲ. ಚಳ್ಳಕೆರೆ ಕಡೆ ಹೋಗುವವರು ಇದನ್ನು ಎರಡು ಸಲ ನೋಡಬೇಕು. ಅಲ್ಲಿ ಡಿಆರ್‌ಡಿಒದ ವೈಮಾನಿಕ ಪರೀಕ್ಷಾ ವಲಯವಿದೆ. ಕುರಿಮಂದೆಯ ಚಿತ್ರ ತೆಗೆಯಲು ಹೋಗಿ ಠಾಣೆಯಲ್ಲಿ ಕೂರಬೇಕಾದೀತು. ದುರ್ಗದ ಕೋಟೆ ಪುರಾತತ್ವ ಸರ್ವೇಕ್ಷಣಾ ಇಲಾಖೆಯ ಸಂರಕ್ಷಿತ ಸ್ಮಾರಕ, ಅವರ ಲಿಖಿತ ಅನುಮತಿ ಇಲ್ಲದೆ ಹಾರಿಸುವಂತಿಲ್ಲ. ಜೋಗಿಮಟ್ಟಿಗೆ ಅರಣ್ಯ ಇಲಾಖೆ, ಅಣೆಕಟ್ಟೆಗೆ ನೀರಾವರಿ ಇಲಾಖೆ. ಅಡಿಕೆ ಕಣಕ್ಕೆ? ತೋಟದ ಯಜಮಾನರು, ಕೇಣಿ (ಫಸಲಿನ ಗುತ್ತಿಗೆ) ಹಿಡಿದವರು. ಹಿಂದಿನ ಸಂಜೆಯೇ ಹೋಗಿ, ಒಂದು ಚಹಾ ಕುಡಿದು, ‘ಅಣ್ಣಾ, ನಾಳೆ ಬೆಳಿಗ್ಗೆ ಮೇಲಿಂದ ಫೋಟೊ ತೆಗಿತೀವಿ’ ಎಂದು ಹೇಳಿ ಒಪ್ಪಿಗೆಯನ್ನು ಒಂದು ಹಾಳೆಯಲ್ಲಿ ಬರೆಸಿಕೊಂಡರೆ ಆಯಿತು. ಕೋಟೆ ಬಿಡಿ ಎನ್ನಲು ಇದೂ ಒಂದು ಕಾರಣ.

ದುರ್ಗದ ಕಡೆಯವರಿಗೆ ಒಂದು ವಿಶೇಷ ಎಚ್ಚರಿಕೆ. ಡ್ರೋನ್ ತೋರಿಸುವ ಎತ್ತರ ಅದು ಎದ್ದ ಜಾಗದಿಂದ ಲೆಕ್ಕ, ಕಾನೂನಿನದ್ದು ಕೆಳಗಿನ ನೆಲದಿಂದ. ನೂರು ಮೀಟರ್ ಎತ್ತರದ ಗುಡ್ಡದ ನೆತ್ತಿಯಿಂದ ಎಬ್ಬಿಸಿ 60 ಮೀಟರ್ ಏರಿಸಿ ಬಯಲಿನ ಮೇಲೆ ತಂದರೆ ಪರದೆಯಲ್ಲಿ 60, ನಿಜವಾಗಿ 160. ಕಡತದೊಳಗೆ ಸ್ಥಳ, ಎತ್ತರ ಎರಡೂ ದಾಖಲಾಗಿರುತ್ತವೆ. ಕೊನೆಯ ಸುತ್ತಿಗೆ ಬಂದವರಿಂದ ಮೂಲ ರಾ ಕಡತ ಕೇಳುವುದು ರೂಢಿ.

ಗಾಳಿಯ ವಿಷಯ ಬೇರೆ ಹೇಳಬೇಕೆ, ಸುತ್ತಲ ಗುಡ್ಡದ ಮೇಲೆ ಗಾಳಿಯಂತ್ರ ಸುಮ್ಮನೆ ನೆಟ್ಟಿಲ್ಲ. ಜೂನ್‌ನಿಂದ ಆಗಸ್ಟ್‌ವರೆಗೆ ಹಗುರ ಡ್ರೋನಿಗೆ ಇಲ್ಲಿ ಕೆಲಸವಿಲ್ಲ. ಮಿನಿ ಜಾತಿಯವು ಸೆಕೆಂಡಿಗೆ 10.7 ಮೀಟರ್, ಅಂದರೆ ಗಂಟೆಗೆ 38 ಕಿ.ಮೀ. ಗಾಳಿ ತಡೆಯುತ್ತವೆ ಎನ್ನುತ್ತಾರೆ. ನೆಲದಲ್ಲಿ 20 ಇದ್ದದ್ದು ಮೇಲೆ 35 ಇರಬಹುದು. ಮೊದಲು ಗಾಳಿಗೆ ಎದುರಾಗಿ ಹೋಗಿ, ಗಾಳಿಯ ಜೊತೆ ವಾಪಸ್ ಬನ್ನಿ. ಉಲ್ಟಾ ಮಾಡಿದವರ ಡ್ರೋನು ಪಕ್ಕದೂರಿನ ಹೊಲದಲ್ಲಿ ಇಳಿಯುತ್ತದೆ. ಬ್ಯಾಟರಿ ಶೇಕಡಾ ಮೂವತ್ತಕ್ಕೆ ಬಂದಾಗ ತಿರುಗಿಸಿ. ಡ್ರೋನ್ ತಾನಾಗಿ ವಾಪಸಾಗುವ ಎತ್ತರವನ್ನು 60 ಮೀಟರಿಗೆ ಇಡಿ. ಮೊಬೈಲ್ ಟವರಿಗೆ ಸಾಮಾನ್ಯವಾಗಿ ಸಾಕು, ಗಾಳಿಯಂತ್ರಕ್ಕೆ ಸಾಲದು, ಅವುಗಳ ಹತ್ತಿರ ಹೋಗುವುದೇ ಬೇಡ. ಕರೆಂಟಿನ ತಂತಿ ಡ್ರೋನಿನ ಕಣ್ಣಿಗೆ ಕಾಣದು. ಆರ್‌ಸಿಸಿ ತಾರಸಿ, ಕಾರಿನ ಬಾನೆಟ್ ಮೇಲಿಂದ ಎಬ್ಬಿಸಿದರೆ ಕಬ್ಬಿಣಕ್ಕೆ ದಿಕ್ಸೂಚಿ ದಿಕ್ಕು ತಪ್ಪುತ್ತದೆ. ಮಣ್ಣಿನ ಮೇಲೆ ಒದ್ದೆ ಮಾಡಿದ ಗೋಣಿಚೀಲ ಹಾಸಿ, ನಾಲ್ಕು ಮೂಲೆಗೆ ಕಲ್ಲಿಡಿ; ಅಂಗಡಿಯ ಲ್ಯಾಂಡಿಂಗ್ ಪ್ಯಾಡಿಗಿಂತ ವಾಸಿ, ಧೂಳು ಏಳದು. ಹದ್ದು ಸುತ್ತತೊಡಗಿದರೆ ಅಡ್ಡಡ್ಡ ಓಡಿಸದೆ ನೆಟ್ಟಗೆ ಮೇಲೇರಿಸಿ, ಅದು ದೂರವಾದ ಮೇಲೆ ಇಳಿಸಿಕೊಳ್ಳಿ.

ಚಿತ್ರ ಆರಿಸುವಾಗ ಪರದೆಯಲ್ಲಿ 300 ಪಿಕ್ಸೆಲ್ ಅಗಲಕ್ಕೆ ಕುಗ್ಗಿಸಿ ನೋಡಿ. ಸಾವಿರಗಟ್ಟಲೆ ಚಿತ್ರಗಳ ನಡುವೆ ತೀರ್ಪುಗಾರರ ಕಣ್ಣು ನಿಲ್ಲುವುದು ಅಂಥ ಪುಟ್ಟ ಚಿತ್ರದ ಆಕಾರದ ಮೇಲೆ. ಆಕಾರ ಅಲ್ಲೇ ಕಾಣದಿದ್ದರೆ ದೊಡ್ಡದರಲ್ಲಿ ಎಷ್ಟು ವಿವರವಿದ್ದರೂ ವ್ಯರ್ಥ. ಸರಣಿ ಕಳಿಸುವುದಾದರೆ ಎಲ್ಲದರ ಎತ್ತರ, ಬೆಳಕಿನ ಹೊತ್ತು ಒಂದೇ ಇರಲಿ: ಅಡಿಕೆ, ಮೆಕ್ಕೆಜೋಳ, ಶೇಂಗಾ, ಭತ್ತ, ನಾಲ್ಕೂ 30 ಮೀಟರಿನಿಂದ, ನಾಲ್ಕೂ ಬೆಳಗಿನ ನೆರಳಲ್ಲಿ. ಎಐನಿಂದ ಏನನ್ನಾದರೂ ಸೇರಿಸುವುದು, ಬೇಡದ ಬಕೆಟ್ಟನ್ನು ಜನರೇಟಿವ್ ಫಿಲ್‌ನಲ್ಲಿ ಅಳಿಸುವುದು ಹೆಚ್ಚಿನ ಕಡೆ ಅನರ್ಹತೆಗೆ ದಾರಿ. ಬಕೆಟ್ಟನ್ನು ಹಾರಿಸುವ ಮುಂಚೆಯೇ ಕೈಯಿಂದ ಎತ್ತಿಡಿ.

ಶೀರ್ಷಿಕೆ, ವಿವರಣೆಗೆ ಹತ್ತು ನಿಮಿಷ ಕೊಟ್ಟು ಮುಗಿಸುವವರೇ ಹೆಚ್ಚು. ‘ಬಣ್ಣಗಳ ಲೋಕ’ ಎಂದು ಬರೆದರೆ ಯಾರಿಗೂ ಏನೂ ತಿಳಿಯದು. ಇಂಗ್ಲಿಷಿಗೆ ಹೋಗುವ ಮುಂಚೆ ಕನ್ನಡದಲ್ಲೇ ಹೀಗೆ ಬರೆದುಕೊಳ್ಳಿ: ‘ದಾವಣಗೆರೆ ಜಿಲ್ಲೆಯ ಚನ್ನಗಿರಿ ತಾಲ್ಲೂಕು, ಡಿಸೆಂಬರ್. ಸುಲಿದು ಚೊಗರಿನಲ್ಲಿ (ಅಡಿಕೆ ಬೇಯಿಸಿ ಉಳಿದ ಗಟ್ಟಿ ರಸ) ಬೇಯಿಸಿದ ಅಡಿಕೆಯನ್ನು ಬೆಳಗಿನ ಬಿಸಿಲಿಗೆ ಹರಡುತ್ತಿರುವ ಕೆಲಸಗಾರರು. ಕೆಂಪು ಬಣ್ಣ ಚೊಗರಿನದು.’ ಅನುವಾದದಲ್ಲಿ ಅಡಿಕೆಗೆ ‘ಬೀಟಲ್ ನಟ್’ ಎನ್ನುವುದಕ್ಕಿಂತ ‘ಅರಿಕಾ ನಟ್’ ಎಂದೇ ಬರೆಯಿರಿ. ವೀಳ್ಯದೆಲೆ ಬೇರೆ ಗಿಡದ್ದು.

ಕಡತ ಎಸ್‌ಆರ್‌ಜಿಬಿ ಬಣ್ಣದಲ್ಲಿ ಜೆಪೆಗ್ ಆಗಿರಲಿ, ಮೂಲೆಯಲ್ಲಿ ಸ್ಟುಡಿಯೊ ಹೆಸರು, ಸಹಿ ಇರಬಾರದು. ಬಳಕೆಯ ಹಕ್ಕಿನ ಷರತ್ತು ಓದಿ: ಸ್ಪರ್ಧೆಯ ಪ್ರಚಾರಕ್ಕಷ್ಟೇ ಎಂದಿದ್ದರೆ ಸರಿ, ಬೇರೆಯವರಿಗೆ ಮಾರುವ ಹಕ್ಕೂ ತಮ್ಮದೇ ಎಂದಿದ್ದರೆ ಆ ಸ್ಪರ್ಧೆಯೇ ಬೇಡ. ಡ್ರೋನ್ ತಯಾರಿಸುವ ಡಿಜೆಐ ಕಂಪನಿಯ ಬೆಂಬಲದ ಸ್ಕೈಪಿಕ್ಸೆಲ್ ಸ್ಪರ್ಧೆಗೆ ಪ್ರವೇಶ ಶುಲ್ಕವಿಲ್ಲ, ಹೊಸಬರು ಅಲ್ಲಿಂದ ಶುರುಮಾಡಬಹುದು. ಯೂರೊದಲ್ಲಿ ಶುಲ್ಕ ಕಟ್ಟುವುದಾದರೆ ಯುಪಿಐ ನೆಚ್ಚಿಕೊಳ್ಳಬೇಡಿ, ಕಾರ್ಡ್ ಬೇಕು. ಕಾರ್ಡಿನಲ್ಲಿ ವಿದೇಶಿ ವಹಿವಾಟು ತಾನಾಗಿ ತೆರೆದಿರುವುದಿಲ್ಲ, ಬ್ಯಾಂಕಿನ ಆ್ಯಪ್‌ನಲ್ಲಿ ನಾವೇ ತೆರೆಯಬೇಕು. ಇದು ಗೊತ್ತಾಗುವುದು ಕೊನೆಯ ರಾತ್ರಿ ಹಣ ಹೋಗದೆ ಇದ್ದಾಗ.

ಕೊನೆಯ ರಾತ್ರಿ ಎಂದರೆ ಯಾವ ದೇಶದ ರಾತ್ರಿ ಎಂಬುದೂ ಮುಖ್ಯ. ಇಟಲಿಯ ಚಳಿಗಾಲದ 23:59 ನಮಗೆ ಮರುದಿನ ಬೆಳಗಿನ 4:29, ಬೇಸಿಗೆಯಲ್ಲಾದರೆ 3:29. ಆಸ್ಟ್ರೇಲಿಯಾದ ಸಿಡ್ನಿಯ ಸಮಯ ಹಾಕಿದ್ದರೆ ಲೆಕ್ಕ ತಿರುವುಮುರುವು: ಅಲ್ಲಿನ 23:59 ನಮ್ಮಲ್ಲಿ ಅದೇ ದಿನ ಸಂಜೆ 7:29, ಅವರ ಬೇಸಿಗೆಯಲ್ಲಿ 6:29. ರಾತ್ರಿ ಊಟ ಮುಗಿಸಿ ಕಳಿಸೋಣ ಎಂದು ಕೂತರೆ ಬಾಗಿಲು ಮುಚ್ಚಿರುತ್ತದೆ.