ಲೇಬಲ್ ಓದಿ ಹೇಳುವ ಮಕ್ಕಳು

ಔಷಧಿ ಅಳೆದು ಕೊಡುವುದನ್ನು ಕಲಿಸುವ ನಮ್ಮ ಡಿಸ್ಪೆನ್ಸಿಂಗ್ ಲ್ಯಾಬಿನಲ್ಲಿ ಲೇಬಲ್ಲನ್ನು ಮೂರು ಸಲ ಓದಿಸುತ್ತಿದ್ದರು: ಬಾಟಲಿ ತೆಗೆಯುವಾಗ, ಔಷಧಿ ಅಳೆಯುವಾಗ, ಬಾಟಲಿ ವಾಪಸ್ಸಿಡುವಾಗ. ಲಾಸ್ ಏಂಜಲೀಸಿನ ಬಾಯ್ಲ್ ಹೈಟ್ಸ್‌ನಂಥ ಕಡೆ ನಾಲ್ಕನೆಯ ಓದೂ ಒಂದಿದೆ. ಅದನ್ನು ಓದುವುದು ಒಂಬತ್ತು ಹತ್ತು ವರ್ಷದ ಮಗು. ಅಪ್ಪ ಅಮ್ಮ ಮೆಕ್ಸಿಕೋದಿಂದಲೋ ಎಲ್ ಸಾಲ್ವಡಾರ್‌ನಿಂದಲೋ ಬಂದವರು. ಮನೆಯ ಮಾತು ಸ್ಪ್ಯಾನಿಷ್, ಶಾಲೆಯದು ಇಂಗ್ಲಿಷ್. ಬಾಡಿಗೆ ಕರಾರು, ಬ್ಯಾಂಕಿನ ಪತ್ರ, ಡಾಕ್ಟರ ಚೀಟಿ ಎಲ್ಲವೂ ಹಿರಿ ಮಗುವಿನ ಕೈಗೇ ಬರುತ್ತವೆ. ಫಾರ್ಮಸಿ ಕಲಿತ ನಿಮ್ಮಲ್ಲಿ ಕೆಲವರು ಈ ಕಡೆ ಕೆಲಸಕ್ಕೆ ಬರುವವರಿದ್ದೀರಿ, ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ಚಮಚದ ವಿಷಯ. ಸ್ಪ್ಯಾನಿಷ್‌ನಲ್ಲಿ ‘ಕುಚರಾದೀತಾ’ ಎಂದರೆ ಟೀ ಚಮಚ, 5 ಮಿಲಿ. ‘ಕುಚರಾದಾ’ ಎಂದರೆ ಊಟದ ದೊಡ್ಡ ಚಮಚ, 15 ಮಿಲಿ. ಒಂದೇ ಒಂದು ಪ್ರತ್ಯಯ ಬಿಟ್ಟುಹೋದರೆ ಕೂಸಿಗೆ ಮೂರು ಪಾಲು ಔಷಧಿ. ಮಗುವಿಗೆ ಎರಡೂ ಪದ ಗೊತ್ತಿರುತ್ತವೆ, ಆದರೆ ಅವಸರದಲ್ಲಿ ಬಾಯಿಗೆ ಬರುವುದು ಮನೆಯಲ್ಲಿ ದಿನಾ ಕೇಳಿದ್ದು. ಆದ್ದರಿಂದ ಚಮಚದ ಮಾತೇ ಬೇಡ, ಮಿಲಿ ಲೆಕ್ಕದ ಸಿರಿಂಜೇ ಕೊಡಿ.

ಇನ್ನೊಂದು ಅಪಾಯ ಲೇಬಲ್ಲಿನಲ್ಲೇ ಅಚ್ಚಾಗಿರುತ್ತದೆ. ಇಂಗ್ಲಿಷಿನ ‘ಒನ್ಸ್’ (once), ಅಂದರೆ ಒಂದು ಸಲ, ಅದೇ ನಾಲ್ಕು ಅಕ್ಷರಗಳಲ್ಲಿ ಸ್ಪ್ಯಾನಿಷ್‌ನ ‘ಓನ್ಸೆ’ ಆಗುತ್ತದೆ. ಅದರರ್ಥ ಹನ್ನೊಂದು! ಮಗು ಶಾಲೆಯಲ್ಲಿದ್ದಾಗ ಅಮ್ಮ ಒಬ್ಬಳೇ ಬಾಟಲಿ ನೋಡಿದರೆ ಏನಾದೀತು ಯೋಚಿಸಿ. ಕ್ಯಾಲಿಫೋರ್ನಿಯಾದಲ್ಲಿ ಸ್ಪ್ಯಾನಿಷ್ ಸೇರಿ ಐದು ಭಾಷೆಗಳಲ್ಲಿ ಸಿದ್ಧ ಸೂಚನೆಗಳಿವೆ. ಕೇಳಿದವರಿಗೆ ಅವನ್ನು ಕೊಡಲೇಬೇಕು. ಕೇಳಬಹುದು ಎನ್ನುವುದೇ ಎಷ್ಟೋ ಮನೆಗಳಿಗೆ ಗೊತ್ತಿರುವುದಿಲ್ಲ, ನಾವೇ ಹೇಳಬೇಕು.

ದೊಡ್ಡವರೂ ಎಡವಿದ ಪದವೊಂದಿದೆ. 1980ರಲ್ಲಿ ಫ್ಲಾರಿಡಾದ ಆಸ್ಪತ್ರೆಗೆ ಕ್ಯೂಬಾ ಮೂಲದ 18ರ ಹುಡುಗನನ್ನು ತಂದವರು ‘ಇಂತೊಕ್ಸಿಕಾದೋ’ ಎಂದರು. ತಿಂದದ್ದೋ ಕುಡಿದದ್ದೋ ಮೈಗೆ ಆಗದೆ ಹೀಗಾಗಿದೆ ಎಂಬುದು ಅವರ ಅರ್ಥ. ವೈದ್ಯರಿಗೆ ಅದು ಮಾದಕ ವಸ್ತುವಿನ ಅಮಲು ಎಂದು ಕೇಳಿಸಿತು. ನಿಜಕ್ಕೂ ಆಗಿದ್ದು ಮಿದುಳಿನಲ್ಲಿ ರಕ್ತಸ್ರಾವ. ಹುಡುಗನ ಕೈಕಾಲುಗಳೆಲ್ಲ ಸ್ವಾಧೀನ ಕಳೆದುಕೊಂಡವು.

ಇನ್ನು ಹೆಸರು. ‘ಲೋಪೆಸ್ ಪೆನ್ಯಾ’ ಎಂದಿದ್ದರೆ ಮೊದಲನೆಯದು ತಂದೆಯ ಕಡೆಯದು, ಎರಡನೆಯದು ತಾಯಿಯದು. ಫಾರ್ಮಿನಲ್ಲಿ ಇರುವುದು ಒಂದೇ ಮನೆತನದ ಖಾನೆ. ಒಂದು ಕ್ಲಿನಿಕ್ಕಿನಲ್ಲಿ ಲೋಪೆಸ್, ಇನ್ನೊಂದರಲ್ಲಿ ಪೆನ್ಯಾ. ಪೆನಿಸಿಲಿನ್ ಒಗ್ಗುವುದಿಲ್ಲ ಎಂಬ ಟಿಪ್ಪಣಿ ಒಂದು ಫೈಲಿನಲ್ಲೇ ಉಳಿಯುತ್ತದೆ. ಜನ್ಮದಿನಾಂಕ ಹಾಕಿ ಹುಡುಕಿ, ಎರಡೂ ಹೆಸರಿನಲ್ಲಿ ಹುಡುಕಿ. ಇನಿಷಿಯಲ್ ಬಿಡಿಸಿ ಪಾಸ್‌ಪೋರ್ಟ್ ಮಾಡಿಸಿಕೊಂಡ ನಮ್ಮವರಿಗೆ ಈ ಕಷ್ಟ ಹೊಸದಲ್ಲ. ಸ್ಪ್ಯಾನಿಷ್‌ನ ñ ಅಕ್ಷರದ ಮೇಲಿನ ಸಣ್ಣ ಅಲೆ ಅಳಿಸಿಹೋದರೆ ಪೆನ್ಯಾ ‘ಪೆನಾ’ ಆಗುತ್ತದೆ. ಬಂಡೆ ಎಂಬ ಅರ್ಥದ ಹೆಸರು ಸಂಕಟ ಎಂದಾಗುತ್ತದೆ. ಇಂಥದ್ದನ್ನು ಸಣ್ಣ ವಿಷಯವೆಂದು ನಾನು ಒಪ್ಪಲಾರೆ.

ಈ ಮಕ್ಕಳು ಒರಟರೆಂದು ಬಂಧುಗಳು ಬೇಸರಪಡುವುದುಂಟು. ಸ್ಪ್ಯಾನಿಷ್‌ನಲ್ಲೂ ನೀನು, ನೀವು ಇವೆ: ‘ತೂ’, ‘ಉಸ್ತೆದ್’. ಮಗು ಅಮ್ಮನಿಂದ ಕೇಳಿದ್ದೆಲ್ಲ ಬಾ, ತಿನ್ನು, ಕೂತ್ಕೋ. ಅದನ್ನೇ ಹಿರಿಯರಿಗೆ ತಿರುಗಿಸಿ ಹೇಳಿಬಿಡುತ್ತದೆ. ಕಲಿಯಲು ಅದಕ್ಕೆ ಹತ್ತಿರ ಅಜ್ಜಿಯಿಲ್ಲ, ನೆರೆಹೊರೆಯಿಲ್ಲ, ಇಂಗ್ಲಿಷಿನಲ್ಲಿ ಆ ಭೇದವೇ ಇಲ್ಲ. ‘ಮೇಷ್ಟ್ರೇ, ಕೂತ್ಕೋ’ ಅನ್ನುವ ಅಮೆರಿಕದ ಕನ್ನಡ ಮಕ್ಕಳನ್ನು ಕಂಡವರಿಗೆ ಇದು ಥಟ್ಟನೆ ಅರ್ಥವಾಗುತ್ತದೆ.

ತುರ್ತು ಸಂದರ್ಭ ಬಿಟ್ಟರೆ ಚಿಕ್ಕ ಮಕ್ಕಳನ್ನು ದುಭಾಷಿಯಾಗಿ ಬಳಸಬಾರದೆಂದು ಅಮೆರಿಕದ ಒಕ್ಕೂಟ ಸರ್ಕಾರದ 2016ರ ಆರೋಗ್ಯ ನಿಯಮವೇ ಹೇಳಿತು. ಕಾರಣ ಬರೀ ತಪ್ಪು ಅನುವಾದವಲ್ಲ. ಮುಟ್ಟಿನ ತೊಂದರೆಯನ್ನು ಯಾವ ತಾಯಿಯೂ ಮಗನ ಬಾಯಿಂದ ಹೇಳಿಸುವುದಿಲ್ಲ. ಗಡ್ಡೆ ಎಂಬ ಮಾತು ಬಂದಾಗ ಮಗು ಅಮ್ಮನ ಮುಖ ನೋಡಿ ಅರ್ಧ ನುಂಗಿಕೊಳ್ಳುತ್ತದೆ. ಆ ಭಾರ ಅದು ಹೊರಬೇಕಾದ್ದಲ್ಲ.

ಫೋನಿನಲ್ಲಿ ದುಭಾಷಿಯನ್ನು ಕರೆಯಿರಿ. ಫೋನನ್ನಲ್ಲ, ತಾಯಿಯನ್ನು ನೋಡಿ ಮಾತಾಡಿ. ಕೊನೆಗೆ ‘ಅರ್ಥವಾಯಿತಾ’ ಎಂದು ಕೇಳಬೇಡಿ, ಎಲ್ಲರೂ ಹೌದು ಅನ್ನುತ್ತಾರೆ. ಸಿರಿಂಜನ್ನು ಆಕೆಯ ಕೈಗೇ ಕೊಟ್ಟು ಎಳೆದು ತೋರಿಸಲು ಹೇಳಿ. 5ರ ಗೆರೆಗೆ ಬಂದು ನಿಂತರೆ ಅಲ್ಲಿಗೊಂದು ಬಣ್ಣದ ಟೇಪು ಸುತ್ತಿ ಕಳಿಸಿ.