ಐದು ಮಂದಿ, ಒಂದೇ ರಾತ್ರಿ

ಕಳೆದ ಮಳೆಗಾಲದಲ್ಲಿ, ಜೂನ್ ತಿಂಗಳ ಕೊನೆಗೆ, ಬದಿಯಡ್ಕದ ಸಮೀಪದ ನಮ್ಮ ತೋಟದಲ್ಲಿ ಅಡಿಕೆಗೆ ಮದ್ದು ಬಿಡಿಸಿದ ವಾರವೇ ನನ್ನ ಮಣಿಕಟ್ಟಿನಲ್ಲಿಯೂ ಬೆರಳುಗಳ ಸಂದಿಯಲ್ಲಿಯೂ ಸಣ್ಣ ಕೆಂಪು ಗುಳ್ಳೆಗಳು ಮೂಡಿದವು. ಮೈಲುತುತ್ತು ಮತ್ತು ಸುಣ್ಣವನ್ನು ಕಲಸಿದವನು ನಾನೇ ಆಗಿದ್ದುದರಿಂದ, ಕಾರಣವನ್ನು ಬೇರೆಲ್ಲಿಯೂ ಹುಡುಕಬೇಕೆಂದು ನನಗೆ ಅನಿಸಲಿಲ್ಲ. ಎಂಡೋಸಲ್ಫಾನ್ ಎಂಬ ಕೀಟನಾಶಕದ ಸಿಂಪಡಣೆಯ ನೋವನ್ನು ಕಂಡಿರುವ ಈ ನೆಲದಲ್ಲಿ, ಚರ್ಮದ ಮೇಲೆ ಏನೇ ಕಾಣಿಸಿದರೂ ಮನಸ್ಸು ಮೊದಲು ಓಡುವುದು ತೋಟದ ಮದ್ದಿನತ್ತಲೇ.

ಪೇಟೆಯ ಔಷಧದಂಗಡಿಯಲ್ಲಿ ಕೈ ತೋರಿಸಿ ಒಂದು ಮುಲಾಮು ತಂದೆ. ನಾಲ್ಕು ದಿನ ತುರಿಕೆ ಬಹಳ ಕಡಿಮೆಯಾಯಿತು. ಆಮೇಲೆ ಗುಳ್ಳೆಗಳು ಸೊಂಟಕ್ಕೂ ಹೊಕ್ಕುಳಿನ ಸುತ್ತಲಿಗೂ ಹರಡಿದವು. ಅಮ್ಮ ಅದನ್ನು ಪಿತ್ತವೆಂದು ತಿಳಿದು ಕೊತ್ತಂಬರಿ ಕಷಾಯ ಕೊಟ್ಟರು, ಸ್ನಾನದ ನೀರಿಗೆ ಕಹಿಬೇವಿನ ಸೊಪ್ಪು ಹಾಕಿದರು. ಹಗಲಿನಲ್ಲಿ ಹೇಗೋ ತಡೆದುಕೊಳ್ಳಬಹುದಾಗಿತ್ತು. ಆದರೆ ರಾತ್ರಿ ಹೊದಿಕೆಯೊಳಗೆ ಮೈ ಬೆಚ್ಚಗಾಗುತ್ತಿದ್ದಂತೆ ತುರಿಕೆ ಏಳುತ್ತಿತ್ತು, ಮತ್ತು ಮಾಡಿನ ಮೇಲೆ ಮಳೆ ಸುರಿಯುವುದನ್ನು ಕೇಳುತ್ತ ನಾನು ಮೂರು ಗಂಟೆಯವರೆಗೆ ಎಚ್ಚರವಾಗಿರುತ್ತಿದ್ದೆ. ಹೀಗೆ ಒಂದು ತಿಂಗಳನ್ನು ಕಳೆದೆ.

ಜುಲೈ ನಡುವಿನಲ್ಲಿ ತೊಡಗುವ ತುಳುವರ ಆಟಿ ತಿಂಗಳ ಒಂದು ಶನಿವಾರ ಕಾಸರಗೋಡಿನ ಚರ್ಮವೈದ್ಯೆಯೊಬ್ಬರ ಬಳಿಗೆ ಹೋದಾಗ, ಅವರು ಗುಳ್ಳೆಗಳನ್ನು ನೋಡುವ ಮೊದಲು ಪ್ರಶ್ನೆಗಳನ್ನು ಕೇಳಿದರು. ಒಂದೊಂದು ದದ್ದೂ ಒಂದು ದಿನದೊಳಗೆ ಮಾಯವಾಗಿ ಬೇರೆ ಕಡೆ ಏಳುತ್ತದೆಯೇ? ಇಲ್ಲ, ಎದ್ದದ್ದು ಅಲ್ಲಿಯೇ ಉಳಿಯುತ್ತದೆ ಎಂದೆ. ಹಾಗಾದರೆ ನಾವು ಪಿತ್ತವೆನ್ನುವ ಗಂಧೆ ಅದಲ್ಲ. ಮದ್ದು ತಾಗದ, ಬಟ್ಟೆ ಮುಚ್ಚಿದ ಜಾಗದಲ್ಲಿಯೂ ಇದೆಯೇ? ಇದೆ. ತುತ್ತು, ಗೇರುಬೀಜದ ಸಿಪ್ಪೆಯ ಎಣ್ಣೆ, ಮಾವಿನ ಸೊನೆ ಇವುಗಳಿಂದ ಮೈ ಕೆಂಪಾಗುವುದು ನಿಜವಾದರೂ, ಅದು ಹೆಚ್ಚಾಗಿ ತಾಗಿದ ಕಡೆಯಲ್ಲಿ ಕಾಣಿಸಿಕೊಂಡು, ತಾಗುವುದು ನಿಂತ ಮೇಲೆ ಇಳಿಯುತ್ತ ಬರುತ್ತದೆ ಎಂದು ಅವರು ವಿವರಿಸಿದರು. ಕೊನೆಯ ಪ್ರಶ್ನೆ ನನ್ನನ್ನು ತಡೆದು ನಿಲ್ಲಿಸಿತು: ಮನೆಯಲ್ಲಿ ಬೇರೆ ಯಾರಿಗಾದರೂ ತುರಿಕೆ ಇದೆಯೇ? ಇಲ್ಲವೆಂದೆ. ಕೇಳಿರಲೇ ಇಲ್ಲ ಎನ್ನುವುದು ಸತ್ಯವಾಗುತ್ತಿತ್ತು.

ಮಸೂರದ ಕೆಳಗೆ ಬೆರಳ ಸಂದಿಯಲ್ಲಿ ಬೂದು ಬಣ್ಣದ ಒಂದು ಸಣ್ಣ ವಕ್ರ ಗೆರೆಯನ್ನು ಅವರು ತೋರಿಸಿದರು. ಅರ್ಧ ಮಿಲಿಮೀಟರಿಗಿಂತಲೂ ಚಿಕ್ಕದಾದ ಹೆಣ್ಣು ನುಸಿಯೊಂದು ಚರ್ಮದ ಮೇಲ್ಪದರದಲ್ಲಿ ಕೊರೆದು ಮೊಟ್ಟೆಯಿಡುತ್ತ ಸಾಗಿದ ದಾರಿ ಅದು. ಕಜ್ಜಿ. ಆ ಪದವನ್ನು ಕೇಳಿದೊಡನೆ ನನಗೆ ಆದ ನಾಚಿಕೆಯನ್ನು ವೈದ್ಯೆ ಗಮನಿಸಿರಬೇಕು. ಕೊಳಕಿಗೂ ಇದಕ್ಕೂ ಸಂಬಂಧವಿಲ್ಲ, ದಿನಕ್ಕೆ ಎರಡು ಬಾರಿ ಮಿಂದರೂ ಚರ್ಮದೊಳಗಿರುವ ನುಸಿ ತೊಳೆದು ಹೋಗುವುದಿಲ್ಲ, ಹೆಚ್ಚು ಹೊತ್ತು ಮೈಗೆ ಮೈ ತಾಗುವ ಯಾರಿಗೂ ಇದು ಬರಬಹುದು ಎಂದರು. ನಾನು ಹಚ್ಚಿದ ಮುಲಾಮಿನಲ್ಲಿ ಸ್ಟೀರಾಯ್ಡ್ ಇತ್ತು. ಅದು ತುರಿಕೆಯನ್ನು ಅಡಗಿಸಿತೇ ಹೊರತು ನುಸಿಯನ್ನು ಕೊಲ್ಲಲಿಲ್ಲ. ಮೊದಲ ಸಲ ನುಸಿ ಹತ್ತಿದವರಿಗೆ ತುರಿಕೆ ತೊಡಗಲು ನಾಲ್ಕರಿಂದ ಆರು ವಾರಗಳೇ ಹಿಡಿಯಬಹುದೆಂದಾಗ, ನಾನು ಬೆರಳು ಮಡಚಿ ಹಿಂದಕ್ಕೆ ಲೆಕ್ಕ ಹಾಕಿದೆ. ಮೇ ತಿಂಗಳ ನಡುವೆ ಮಗಳು ಮಂಗಳೂರಿನ ಹಾಸ್ಟೆಲಿನಿಂದ ರಜೆಗೆ ಬಂದಿದ್ದಳು. ಅವಳು ಕೈ ತುರಿಸಿಕೊಳ್ಳುವುದನ್ನು ಕಂಡು ನಾವೆಲ್ಲ ಬೆವರುಸಾಲೆ ಎಂದಿದ್ದೆವು.

ಮನೆಗೆ ಬಂದು ಜಗಲಿಯಲ್ಲಿ ಎಲ್ಲರ ಮುಂದೆ ಹೇಳಿದೆ. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಅಮ್ಮ, ಮಡಿಯ ವಿಷಯದಲ್ಲಿ ಎಂದೂ ರಾಜಿಯಾಗದ ಎಪ್ಪತ್ತನಾಲ್ಕರ ನನ್ನ ಅಮ್ಮ, ಸೆರಗನ್ನು ಸರಿಸಿ ಸೊಂಟವನ್ನು ತೋರಿಸಿದರು. “ನನಗೂ ಉಂಟು ಮಗಾ. ಹೇಗೆ ಹೇಳುವುದು ಎಂದು ಸುಮ್ಮನಿದ್ದೆ.” ಹೆಂಡತಿಗೆ ಮಣಿಕಟ್ಟಿನಲ್ಲಿತ್ತು, ಮಗನಿಗೆ ತೊಡೆಯಲ್ಲಿ. ಮಗಳಿಗೆ ಫೋನ್ ಮಾಡಿದಾಗ ಅವಳು ಅತ್ತೇ ಬಿಟ್ಟಳು. ಎರಡು ತಿಂಗಳಿನಿಂದ ಒಬ್ಬಳೇ ತುರಿಸಿಕೊಳ್ಳುತ್ತಿದ್ದಳು, ಕೋಣೆಯ ಗೆಳತಿಯರಿಗೂ ಹೇಳಿರಲಿಲ್ಲ. ಒಂದೇ ಮಾಡಿನ ಕೆಳಗೆ ಒಬ್ಬೊಬ್ಬರೂ ಬೇರೆ ಬೇರೆಯಾಗಿ ನಿದ್ದೆಗೆಟ್ಟಿದ್ದ ಆ ರಾತ್ರಿಗಳನ್ನು ನೆನೆದರೆ ಈಗಲೂ ನನಗೆ ಸಂಕಟವಾಗುತ್ತದೆ.

ವೈದ್ಯೆ ಹೇಳಿದ್ದ ಮುಖ್ಯ ಮಾತು, ತುರಿಕೆ ಇರಲಿ ಇಲ್ಲದಿರಲಿ, ಎಲ್ಲರೂ ಒಂದೇ ದಿನ ಔಷಧ ಹಚ್ಚಬೇಕು ಎಂಬುದಾಗಿತ್ತು. ಒಬ್ಬರು ಬಿಟ್ಟರೂ ಅವರಿಂದ ಉಳಿದವರಿಗೆ ಅದು ಮತ್ತೆ ಬರಬಹುದು. ಆ ಸಂಜೆ ಬೇಗ ಉಂಡು, ಪಾತ್ರೆ ತೊಳೆದು, ಎಂಟು ಗಂಟೆಗೆ ಶೇಕಡಾ 5ರ ಪರ್ಮೆತ್ರಿನ್ ಕ್ರೀಮನ್ನು ಕುತ್ತಿಗೆಯಿಂದ ಅಂಗಾಲಿನವರೆಗೆ, ಹೊಕ್ಕುಳಿನೊಳಗೆ, ಉಗುರುಗಳ ಅಡಿಗೆ, ಗುಳ್ಳೆಯಿಲ್ಲದ ಜಾಗಕ್ಕೂ ಹಚ್ಚಿದೆವು. ಅಮ್ಮನ ಬೆನ್ನಿಗೆ ನನ್ನ ಹೆಂಡತಿ ಹಚ್ಚಿದಳು. ಎಂಟರಿಂದ ಹದಿನಾಲ್ಕು ಗಂಟೆಗಳ ಕಾಲ ಅದು ಮೈಮೇಲಿರಬೇಕು, ನಡುವೆ ಕೈ ತೊಳೆದರೆ ಕೈಗೆ ಮತ್ತೆ ಹಚ್ಚಬೇಕು. ಅಮ್ಮನ ಬೆಳಗಿನ ಸ್ನಾನಕ್ಕೂ ದೇವರ ದೀಪಕ್ಕೂ ತೊಂದರೆಯಾಗದಂತೆ ಆರು ಗಂಟೆಗೆ ತೊಳೆಯುವುದೆಂದು ನಿಶ್ಚಯಿಸಿದೆವು. ಮಂಗಳೂರಿನಲ್ಲಿ ಮಗಳೂ, ವಾರ್ಡನ್‌ಗೆ ತಿಳಿಸಿದ ಮೇಲೆ ಅವಳ ಇಬ್ಬರು ಗೆಳತಿಯರೂ ಅದೇ ರಾತ್ರಿ ಹಚ್ಚಿಕೊಂಡರು.

ಬೆಳಗ್ಗೆ ಬಚ್ಚಲಿನ ಹಂಡೆಯಡಿ ದೊಡ್ಡ ಬೆಂಕಿ ಮಾಡಿ ಬೈರಾಸು, ಬಟ್ಟೆ, ಹೊದಿಕೆಗಳನ್ನೆಲ್ಲ ಕುದಿನೀರಿಗೆ ಹಾಕಿದೆವು. ಆಟಿಯಲ್ಲಿ ಬಿಸಿಲೆಲ್ಲಿಯದು? ಅವನ್ನು ಒಲೆಯ ಮೇಲಿನ ಹಗ್ಗದಲ್ಲಿ ಹರಡಿ ಎರಡು ದಿನ ಒಣಗಿಸಿದೆವು. ಕಂಬಳಿ, ದಿಂಬುಗಳನ್ನು ಪ್ಲಾಸ್ಟಿಕ್ ಚೀಲಗಳಲ್ಲಿ ಬಿಗಿಯಾಗಿ ಕಟ್ಟಿ ಒಂದು ವಾರ ಅಟ್ಟದಲ್ಲಿಟ್ಟೆವು. ಮನುಷ್ಯನ ಮೈಯಿಂದ ದೂರವಾದ ನುಸಿ ಸಾಮಾನ್ಯವಾಗಿ ಎರಡು ಮೂರು ದಿನಗಳಿಗಿಂತ ಹೆಚ್ಚು ಬದುಕುವುದಿಲ್ಲ. ಏಳು ದಿನಗಳ ಬಳಿಕ ಎರಡನೆಯ ಬಾರಿ ಹಚ್ಚಿದೆವು. ಸತ್ತ ನುಸಿಯ ಅವಶೇಷ ಚರ್ಮದಲ್ಲಿ ಉಳಿದಿರುವುದರಿಂದ ತುರಿಕೆ ಎರಡರಿಂದ ನಾಲ್ಕು ವಾರ ಮುಂದುವರಿಯಬಹುದೆಂದು ಮೊದಲೇ ತಿಳಿಸಿರದಿದ್ದರೆ, ನಾನು ಗಾಬರಿಯಿಂದ ಮತ್ತೆ ಮತ್ತೆ ಹಚ್ಚಿ ಮೈ ಸುಟ್ಟುಕೊಳ್ಳುತ್ತಿದ್ದೆ.

ಇವೆಲ್ಲಕ್ಕಿಂತ ಕಷ್ಟವಾದದ್ದು ಒಂದು ಫೋನ್ ಕರೆ. ಜೂನ್ ತಿಂಗಳಲ್ಲಿ ಅಪ್ಪನ ತಿಥಿಗೆ ಬಂದ ಕುಂಬಳೆಯ ಅಣ್ಣನ ಮನೆಯವರು ನಮ್ಮ ಚಾಪೆಗಳಲ್ಲಿಯೇ ಮಲಗಿದ್ದರು, ಅವನ ಎಂಟು ತಿಂಗಳ ಮೊಮ್ಮಗ ಅಮ್ಮನ ಮಗ್ಗುಲಲ್ಲಿ. ಎರಡು ಬಾರಿ ಫೋನ್ ಕೈಗೆತ್ತಿಕೊಂಡು ಕೆಳಗಿಟ್ಟೆ. ಮೂರನೆಯ ಬಾರಿ ಹೇಳಿದಾಗ ಆ ಕಡೆ ಮೌನ. ಬಳಿಕ ಅಣ್ಣನ ದನಿ: “ಇಲ್ಲಿ ಮಗುವಿನ ಅಂಗಾಲಲ್ಲೆಲ್ಲ ಗುಳ್ಳೆ ಉಂಟು ಮಾರಾಯ. ಸೊಳ್ಳೆಯೆಂದು ಮಾಡಿದ್ದೆವು.” ಶಿಶುಗಳಿಗೆ ಅಂಗಾಲು, ಅಂಗೈ, ತಲೆಯಲ್ಲಿಯೂ ಬರುತ್ತದೆ, ಔಷಧ ಹಚ್ಚುವ ಕ್ರಮವೂ ಬೇರೆ, ಆದ್ದರಿಂದ ನೀವೇ ಏನನ್ನೂ ಹಚ್ಚಬೇಡಿ ಎಂದು ವೈದ್ಯೆಯ ವಿಳಾಸ ಕೊಟ್ಟೆ. ಮರುದಿನ ಬೆಳಗ್ಗೆ ಅವರು ಕಾಸರಗೋಡಿಗೆ ಹೊರಟಾಗ ಅಮ್ಮ ಫೋನ್ ತೆಗೆದುಕೊಂಡು, ಬಾಣಂತನಕ್ಕೆ ಬಂದಿದ್ದ ಹೆಂಗಸಿಗೂ ತಪ್ಪದೆ ತಿಳಿಸಬೇಕೆಂದು ಅಣ್ಣನಿಗೆ ಹೇಳುತ್ತಿದ್ದರು.