ಕರಿಹಲಗೆಯ ಸ್ನಾನ ಮತ್ತು ಏಪ್ರಿಲ್ 10

ನಮ್ಮ ಶಾಲೆಯ ಕರಿಹಲಗೆ ವರ್ಷಕ್ಕೆ ಎರಡೇ ಸಲ ಸ್ನಾನ ಮಾಡುತ್ತಿತ್ತು. ದಸರಾ ರಜೆಗೆ ಮುಂಚೆ ಒಂದು ಸಲ, ಏಪ್ರಿಲ್ ಮೊದಲ ವಾರದಲ್ಲಿ ಇನ್ನೊಂದು ಸಲ. ದಸರಾದ್ದು ಏಳನೇ ಕ್ಲಾಸಿನ ದೊಡ್ಡ ಹುಡುಗರ ಕೆಲಸ. ಏಪ್ರಿಲ್ ಹೊತ್ತಿಗೆ ಅವರು ಪಬ್ಲಿಕ್ ಪರೀಕ್ಷೆ ಮುಗಿಸಿ, ಒಬ್ಬರ ಅಂಗಿಗೆ ಒಬ್ಬರು ಇಂಕು ಎರಚಿಕೊಂಡು, ಮನೆ ಸೇರಿರುತ್ತಿದ್ದರು. ಹಾಗಾಗಿ ಆ ಭಾಗ್ಯ ನಮ್ಮಂಥ ಚಿಕ್ಕವರ ಪಾಲಿಗೆ ಬರುತ್ತಿತ್ತು.

ಈಗಿನ ಮಕ್ಕಳಿಗೆ ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಹುಡುಗಿಯರು ಬೇಲಿ ಮೇಲಿನ ತೊಂಡೆಸೊಪ್ಪು ಕಿತ್ತು ತರಬೇಕು. ಹುಡುಗರು ಮನೆಯ ಒಲೆಯಿಂದ ಇದ್ದಿಲು ತರಬೇಕು. ಎರಡನ್ನೂ ಕಲ್ಲಿನ ಮೇಲೆ ಹಾಕಿ, ನೀರು ಚಿಮುಕಿಸಿ, ನುಣ್ಣಗೆ ಅರೆಯಬೇಕು. ಆಮೇಲೆ ಹಳೇ ಪಂಚೆ ಚೂರಿನಲ್ಲಿ ಅದ್ದಿ ಹಲಗೆಗೆ ಮೇಲಿಂದ ಕೆಳಕ್ಕೆ ಒಂದೇ ಸಮ ಬಳಿಯಬೇಕು. ಇದ್ದಿಲು ಹಲಗೆಗೆ ಅಂಟಿ ನಿಲ್ಲುವುದೇ ಆ ಸೊಪ್ಪಿನ ರಸದಿಂದ. ಸೊಪ್ಪು ಜಾಸ್ತಿಯಾದರೆ ಹಲಗೆ ಹಸಿರಾಗಿ ಪಾಚಿ ಕಟ್ಟಿದ ಬಾವಿ ಗೋಡೆ ಥರ ಕಾಣುತ್ತಿತ್ತು. ಇದ್ದಿಲು ಜಾಸ್ತಿಯಾದರೆ ಡಸ್ಟರ್ ತಾಗಿಸಿದ ಕೂಡಲೇ ಪುಡಿ ಪುಡಿಯಾಗಿ ಉದುರುತ್ತಿತ್ತು. ಹದ ಗೊತ್ತಿದ್ದದ್ದು ನಮ್ಮ ಕ್ಲಾಸಿನಲ್ಲಿ ಒಬ್ಬನಿಗೆ ಮಾತ್ರ. ಅವನು ನನ್ನ ಪಕ್ಕ ಕೂರುತ್ತಿದ್ದ.

ನಾನು ಹೇಳುತ್ತಿರುವುದು 1996ರ ಮಾತು. ನಾನಾಗ ನಾಲ್ಕನೇ ಕ್ಲಾಸು. ನಮ್ಮೂರು ಬೇಲೂರು ತಾಲ್ಲೂಕಿನದೇ ಆದರೂ ಮಲೆನಾಡಿನ ಸೆರಗು. ಶಾಲೆಯ ಮುಂದೆ ಗದ್ದೆ, ಹಿಂದೆ ಕಾಫಿ ತೋಟ. ಮೂರನೇ ಕ್ಲಾಸು, ನಾಲ್ಕನೇ ಕ್ಲಾಸು ಎರಡೂ ಒಂದೇ ಕೋಣೆಯಲ್ಲಿ. ಹೆಂಚಿನ ಮಾಡು. ಮಧ್ಯದಲ್ಲೊಂದು ಗಾಜಿನ ಹೆಂಚು, ಅದರಿಂದ ಇಳಿಯುವ ಬಿಸಿಲೇ ನಮ್ಮ ಗಡಿಯಾರ. ಬಿಸಿಲಿನ ಚೌಕ ಕಂಬದ ಬುಡ ಮುಟ್ಟಿದರೆ ಊಟದ ಬೆಲ್ಲು.

ಪರೀಕ್ಷೆ ಮುಗಿದಿತ್ತು. ಫಲಿತಾಂಶ ಏಪ್ರಿಲ್ 10ಕ್ಕೆ. ನಡುವಿನ ಆ ಒಂದು ವಾರ ಇದೆಯಲ್ಲ, ಅಂಥ ವಾರ ನನಗೆ ಮತ್ತೆಂದೂ ಸಿಕ್ಕಿಲ್ಲ. ಪಾಠ ಇಲ್ಲ, ಆದರೂ ಶಾಲೆ ಇದೆ. ಚೀಲ ತರೋದು ಬೇಡ, ಆದರೂ ಬರಬೇಕು. ಮೇಷ್ಟ್ರ ಕೈಯಲ್ಲಿ ಬೆತ್ತ ಇಲ್ಲ. ಅದರ ಬದಲು ಕಿವಿ ಮೇಲೊಂದು ಕೆಂಪು ಪೆನ್ನು. ತೋಟದಲ್ಲಿ ಹೂಮಳೆ, ಅಂದರೆ ಕಾಫಿ ಹೂ ಅರಳಿಸುವ ಬೇಸಿಗೆ ಮಳೆ, ಬಿದ್ದು ವಾರವಾಗಿದ್ದರಿಂದ ಗಾಳಿ ಬೀಸಿದಾಗಲೆಲ್ಲ ಕಾಫಿ ಹೂವಿನ ವಾಸನೆ ಕಿಟಕಿಯಿಂದ ಒಳಗೆ ನುಗ್ಗುತ್ತಿತ್ತು. ಮಲ್ಲಿಗೆ ಥರವೇ, ಆದರೆ ಇನ್ನೂ ಗಾಢ. ಎರಡನೇ ಕ್ಲಾಸಿನ ಒಂದು ಹುಡುಗಿಗೆ ಆ ವಾಸನೆಗೇ ತಲೆನೋವು ಬಂದು ದಿನಾ ಮಧ್ಯಾಹ್ನ ಮನೆಗೆ ಹೋಗುತ್ತಿದ್ದಳು. ನಿಜಕ್ಕೂ ತಲೆನೋವೋ ಏನೋ, ನಮಗೆ ಮಾತ್ರ ಹೊಟ್ಟೆಯುರಿ.

ಆ ವಾರದ ಕೆಲಸ ಅಂದರೆ ಎಣಿಸುವುದು. ಶಾಲೆಯಲ್ಲಿದ್ದದ್ದನ್ನೆಲ್ಲ ಎಣಿಸುವುದು. ಲೈಬ್ರರಿ ಪೆಟ್ಟಿಗೆಯ ಪುಸ್ತಕ, ಉಳಿದ ಚಾಕ್‌ಪೀಸು, ಜಮಖಾನ, ಗ್ಲೋಬು, ಕಾಲು ಮುರಿದ ಬೆಂಚು, ಆಟದ ಸಾಮಾನು ಅಂತ ಬರೆದಿದ್ದ ಒಂದು ಫುಟ್‌ಬಾಲು. ಆ ಫುಟ್‌ಬಾಲಿನಲ್ಲಿ ಗಾಳಿ ಇದ್ದದ್ದನ್ನು ನಾನು ನಾಲ್ಕು ವರ್ಷದಲ್ಲಿ ನೋಡಿಲ್ಲ, ಆದರೆ ಲೆಕ್ಕಕ್ಕೆ ತಪ್ಪದೆ ಬರುತ್ತಿತ್ತು. ಹೆಡ್‌ಮೇಷ್ಟ್ರು ಕೂಗಿ ಹೇಳುತ್ತಿದ್ದರು, ಗಣಿತದ ಮೇಷ್ಟ್ರು ಬರೆದುಕೊಳ್ಳುತ್ತಿದ್ದರು. ಆ ವರ್ಷ ಲೋಕಸಭೆ ಚುನಾವಣೆ ಬೇರೆ ಇತ್ತು. ನಮ್ಮ ಕೋಣೆಯೇ ಮತಗಟ್ಟೆ. ಅದಕ್ಕೇ ಗೋಡೆಗೆ ಸುಣ್ಣ ಬಂತು. ಗೋಡೆ ಬಿಳುಪಾದ ಮೇಲೆ ಹಲಗೆ ಬೂದಿ ಬಣ್ಣಕ್ಕೆ ತಿರುಗಿದ್ದು ಎದ್ದು ಕಂಡು, "ಈ ಸಲ ಚೆನ್ನಾಗಿ ಕಪ್ಪು ಮಾಡ್ರೋ" ಅಂತ ಅಪ್ಪಣೆ ಆಯಿತು.

ನನ್ನ ಪಕ್ಕದವನು ಅರೆಯಲು ಕೂತ. ನಾನು ನೀರು ಹಾಕಿದೆ. ಅವನು ಬೆರಳಲ್ಲಿ ಮುಟ್ಟಿ ನೋಡಿ, "ಇನ್ನೊಂಚೂರು ಇದ್ಲು" ಅನ್ನುತ್ತಿದ್ದ, ನಮ್ಮಮ್ಮ ಸಾರಿನ ರುಚಿ ನೋಡುವ ಹಾಗೆ. ಎರಡು ಸಲ ಬಳಿದೆವು. ಒಣಗಿದ ಮೇಲೆ ಹಲಗೆ ಎಷ್ಟು ಕಪ್ಪಾಗಿತ್ತು ಅಂದರೆ ಮಿಸ್ಸು ಬಾಗಿಲಲ್ಲೇ ನಿಂತು, "ಅಯ್ಯೋ, ಇದರ ಮೇಲೆ ಬರೆಯೋಕೇ ಮನಸ್ಸು ಬರಲ್ಲ ಕಣ್ರೋ" ಅಂದರು. ಆದರೂ ಬರೆದರು. ಹಾಸನ ಜಿಲ್ಲೆಯ ನಕ್ಷೆ. ನಾವು ಎಂಟು ತಾಲ್ಲೂಕು ಕೂಗಿದೆವು. ಹಾಸನ, ಅರಸೀಕೆರೆ, ಚನ್ನರಾಯಪಟ್ಟಣ, ಹೊಳೆನರಸೀಪುರ, ಅರಕಲಗೂಡು, ಆಲೂರು, ಸಕಲೇಶಪುರ, ಕೊನೆಗೆ ಬೇಲೂರು. ಬೇಲೂರು ಅನ್ನುವಾಗ ಹೆಂಚು ಹಾರಿಹೋಗುವಷ್ಟು ಗಟ್ಟಿಯಾಗಿ ಕೂಗಬೇಕು, ಅದು ನಮ್ಮ ನಿಯಮ.

ಅವನ ಹೆಸರನ್ನು ಇಲ್ಲಿ ಬರೆಯುವುದಿಲ್ಲ, ಬೇಕಂತಲೇ. ಅವನ ಮನೆ ತೋಟದ ಲೈನಿನಲ್ಲಿ, ಅಂದರೆ ಕೆಲಸದವರ ಸಾಲುಮನೆಯಲ್ಲಿತ್ತು. ಅಪ್ಪ ಅಮ್ಮ ಬಯಲುಸೀಮೆ ಕಡೆಯಿಂದ ಕೆಲಸಕ್ಕೆ ಬಂದವರು. ಅವನಿಗೊಂದು ಪುಟ್ಟ ತಂಗಿ. ನನಗೆ ಅವನ ಬಗ್ಗೆ ಅಷ್ಟೇ ಗೊತ್ತಿತ್ತು. ಇನ್ನೊಂದಿಷ್ಟು ಗೊತ್ತಾಗಿದ್ದು ಅದೇ ವಾರ, ಹಾಜರಿ ಪುಸ್ತಕದಿಂದ.

ಮಿಸ್ಸು ಬೇಲೂರಿನಿಂದ ಬಸ್ಸಿನಲ್ಲಿ ಬರುತ್ತಿದ್ದರು. ವರ್ಷದ ಹಾಜರಿ ಕೂಡುವ ಕೆಲಸ ಅವರಿಗೆ ಬೇಜಾರು. ನನ್ನ ಕೂಡುವ ಲೆಕ್ಕ ಸರಿ ಇತ್ತಾದ್ದರಿಂದ, "ಬಾರೋ ಇಲ್ಲಿ, ಒಬ್ಬೊಬ್ಬರದು ಕೂಡ್ತಾ ಹೋಗು" ಅಂತ ಸ್ಲೇಟು ಕೊಟ್ಟು ಪಕ್ಕದಲ್ಲಿ ಕೂರಿಸಿಕೊಂಡರು. ನಾನಂತೂ ಕಲೆಕ್ಟರೇ ಆದೆ. ನನ್ನ ಹೆಸರಿನ ಮುಂದೆ ಉದ್ದಕ್ಕೂ ಹಾಜರಿ, ಮಂಗನಬಾವು ಬಂದ ದಿನಗಳು ಬಿಟ್ಟು. ಅವನ ಸಾಲು ನೋಡಿದರೆ ನವೆಂಬರ್ ಕೊನೆಯಿಂದ ತೂತು ಬೀಳುತ್ತಾ ಹೋಗಿತ್ತು. ಡಿಸೆಂಬರಿನಲ್ಲಿ ವಾರಕ್ಕೆ ಎರಡು ದಿನ. ಜನವರಿಯಲ್ಲಿ ಪೂರ್ತಿ ಖಾಲಿ.

"ಮಿಸ್, ಇವನು ಇಷ್ಟು ದಿನ ಏನ್ಮಾಡ್ತಿದ್ದ?"

"ಕಾಫಿ ಕುಯ್ಲಲ್ವೇನೋ. ಅವರಮ್ಮ ಹಣ್ಣು ಕುಯ್ಯೋಕೆ ಹೋದ್ರೆ ಮಗು ಯಾರು ನೋಡ್ಕೋತಾರೆ?"

ಅಷ್ಟೂ ದಿನ ಅವನು ಬೆಂಚಿನಲ್ಲಿ ಇರಲಿಲ್ಲ, ನನಗೆ ಕೂರಲು ಜಾಗ ಜಾಸ್ತಿ ಸಿಕ್ಕಿತ್ತು. ನಾನು ಗಮನಿಸಿದ್ದು ಅಷ್ಟೇ. ಲೆಕ್ಕ ಕೂಡಿ ಕೆಳಗೆ ಬರೆದೆ. ಮಿಸ್ಸು ಆ ಸಂಖ್ಯೆ ನೋಡಿದರು, ಪೆನ್ನಿನ ತುದಿ ಕಚ್ಚಿದರು, ಏನೂ ಹೇಳಲಿಲ್ಲ.

ಏಪ್ರಿಲ್ 9ರಂದು ಪುಸ್ತಕದ ವ್ಯಾಪಾರ. ಇದಕ್ಕೆ ಯಾವ ಮೇಷ್ಟ್ರ ಅಪ್ಪಣೆಯೂ ಬೇಕಿರಲಿಲ್ಲ. ಐದನೆಯವರ ಪುಸ್ತಕ ನಮಗೆ, ನಮ್ಮದು ಮೂರನೆಯವರಿಗೆ. ರಟ್ಟು ಗಟ್ಟಿಯಿದ್ದು ಹಾಳೆ ಹರಿಯದಿದ್ದರೆ ಮುಕ್ಕಾಲು ರೇಟು. ಕಿವಿ ಮಡಚಿದ್ದರೆ ಅರ್ಧ. ಚಿತ್ರಗಳಿಗೆಲ್ಲ ಮೀಸೆ ಬರೆದಿದ್ದರೆ ಅರ್ಧಕ್ಕಿಂತ ಕಮ್ಮಿ. ನನ್ನ ಸಮಾಜ ಪುಸ್ತಕದಲ್ಲಿ ರಾಜರಿಗೆಲ್ಲ ಕನ್ನಡಕ ಹಾಕಿದ್ದೆ, ಅದು ಕೊನೆಗೂ ಮಾರಾಟವಾಗಲಿಲ್ಲ. ಬೇಲೂರಿನ ತೇರಿನಲ್ಲಿ ಖರ್ಚು ಮಾಡಿ ಉಳಿದ ಚಿಲ್ಲರೆಯೇ ಎಲ್ಲರ ಬಂಡವಾಳ. ತೇರಂದರೆ ಚನ್ನಕೇಶವನ ತೇರು, ರಾಮನವಮಿ ಕಳೆದ ಮೇಲೆ ಬರುವಂಥದ್ದು. ತೇರು ಎಳೆಯುವ ಮುಂಚೆ ಮೌಲ್ವಿಗಳು ಬಂದು ಕುರಾನ್ ಓದುವ ಪದ್ಧತಿ ಆಗ ಇತ್ತು. ನಮಗೆ ಅದರಲ್ಲಿ ವಿಶೇಷವೇನೂ ಕಾಣುತ್ತಿರಲಿಲ್ಲ. ಓದಿದ್ದಾದ ಮೇಲೆ ತೇರು ಹೊರಡುತ್ತದೆ, ತೇರು ಹೊರಟ ಮೇಲೆ ಅಪ್ಪ ಐಸ್‌ಕ್ಯಾಂಡಿ ಕೊಡಿಸುತ್ತಾರೆ, ಇಷ್ಟೇ ನಮ್ಮ ತಿಳುವಳಿಕೆ.

ಅವನಿಗೆ ನನ್ನ ಹತ್ತಿರ ಏನೂ ಕೊಳ್ಳುವುದಿರಲಿಲ್ಲ. ಅವನ ಹತ್ತಿರ ಮಾರಲೂ ಏನೂ ಇರಲಿಲ್ಲ, ಕನ್ನಡ ಪುಸ್ತಕ ಒಂದನ್ನು ಬಿಟ್ಟು. ಅದನ್ನು ಮೂರನೇ ಕ್ಲಾಸಿನ ಹುಡುಗನೊಬ್ಬ ಕೇಳಿದ. ಮುಕ್ಕಾಲು ರೇಟು ಕೊಡುತ್ತೇನೆ ಅಂದ. ಇವನು ಕೊಡಲಿಲ್ಲ. "ನಂಗೆ ಬೇಕು" ಅಂದ. ಪಾಸಾದ ಮೇಲೆ ಹಳೇ ಪುಸ್ತಕ ಯಾಕೆ ಬೇಕು ಅಂತ ನಾವೆಲ್ಲ ನಕ್ಕೆವು.

ಮರುದಿನ 10, ಬುಧವಾರ. ತಲೆಗೆ ಎಣ್ಣೆ ಹಚ್ಚಿಸಿಕೊಂಡು, ಇದ್ದುದರಲ್ಲಿ ಒಳ್ಳೆಯ ಅಂಗಿ ಹಾಕಿಕೊಂಡು, ಜೇಬಿನಲ್ಲಿ ಪೆಪ್ಪರ್‌ಮೆಂಟು ತುಂಬಿಕೊಂಡು ಹೋಗುವುದು. ಪಾಸಾದರೆ ಹಂಚಲು. ಫೇಲಾದರೆ ಒಬ್ಬನೇ ತಿನ್ನಲು, ಅಂತ ನಮ್ಮಣ್ಣ ಹೇಳಿಕೊಟ್ಟಿದ್ದ. ಅಂಗಳದಲ್ಲಿ ಸಾಲಾಗಿ ನಿಂತೆವು. ಹೆಡ್‌ಮೇಷ್ಟ್ರು ಒಂದನೇ ಕ್ಲಾಸಿನಿಂದ ಶುರು ಮಾಡಿ ಹೆಸರು ಓದಿದರು. ನಮ್ಮ ಸರದಿ ಬಂತು. ನನ್ನ ಹೆಸರು ಬಂತು. ಅವನ ಹೆಸರೂ ಬಂತು. ಪಾಸು. ನಾನು ಪಕ್ಕಕ್ಕೆ ತಿರುಗಿ ನೋಡಿದರೆ ಅವನಿಲ್ಲ.

ಮಿಸ್ಸು ಅವನ ಮಾರ್ಕ್ಸ್ ಕಾರ್ಡನ್ನು ನನ್ನ ಕೈಗೆ ಕೊಟ್ಟು, "ನಿಮ್ಮನೆ ದಾರಿಯಲ್ಲೇ ಅಲ್ವಾ ಲೈನು, ಕೊಟ್ಬಿಡು. ಜೂನ್‌ಗೆ ತಪ್ಪಿಸಬೇಡ ಅಂತ ಹೇಳು" ಅಂದರು. ಕನ್ನಡದಲ್ಲಿ ಅವನಿಗೆ ನನಗಿಂತ ಜಾಸ್ತಿ ಬಂದಿತ್ತು. ದಾರಿಯುದ್ದಕ್ಕೂ ಅದನ್ನೇ ಮತ್ತೆ ಮತ್ತೆ ತೆಗೆದು ನೋಡಿದೆ. ಸ್ವಲ್ಪ ಸಿಟ್ಟೂ ಬಂತು, ಸುಳ್ಳು ಯಾಕೆ ಹೇಳಲಿ.

ಲೈನಿನಲ್ಲಿ ಅವರ ಬಾಗಿಲು ಹಾಕಿತ್ತು. ಕೋಳಿ ಗೂಡು ಖಾಲಿ. ತೋಟದ ಲೆಕ್ಕ ಬರೆಯುವ ರೈಟ್ರು ಸೈಕಲ್ಲಿನಲ್ಲಿ ಹೋಗುತ್ತಿದ್ದವರು ನಿಲ್ಲಿಸಿ, "ಬೆಳಿಗ್ಗೆ ಮೊದಲ ಬಸ್ಸಿಗೆ ಹೋದ್ರು ಕಣಪ್ಪ. ಕುಯ್ಲು ಮುಗೀತಲ್ಲ, ಕೆಲಸ ಇಲ್ಲ" ಅಂದರು. ಕಾರ್ಡನ್ನು ಮನೆಗೆ ತಂದೆ. ಅಮ್ಮ ಅದನ್ನು ದೇವರ ಗೂಡಿನ ಪಕ್ಕ, ಪಂಚಾಂಗದೊಳಗೆ ಇಟ್ಟರು. ಅವನ ಪೆಪ್ಪರ್‌ಮೆಂಟನ್ನೂ ನಾನೇ ತಿಂದೆ.

ರಜೆಯಲ್ಲಿ ದಿನಕ್ಕೊಂದು ಪುಟ ಕಾಪಿ ಬರೆಯಬೇಕಿತ್ತು. ಕೊನೆಯ ಎರಡು ದಿನದಲ್ಲಿ ಕೂತು ಅಷ್ಟನ್ನೂ ಬರೆದೆ. ಜೂನ್ 1ರಂದು ನಮ್ಮ ಜಿಲ್ಲೆಯ ದೇವೇಗೌಡರು ಪ್ರಧಾನಿಯಾದರು. ಶಾಲೆಗೆ ಹೋದರೆ ಎಲ್ಲರ ಬಾಯಲ್ಲೂ ಅದೇ. ಹಲಗೆ ಏಪ್ರಿಲ್‌ನಲ್ಲಿ ನಾವು ಬಳಿದಷ್ಟೇ ಕಪ್ಪಗಿತ್ತು. ಮಿಸ್ಸು ಮತ್ತೆ ನಕ್ಷೆ ಬರೆದು ಹೊಳೆನರಸೀಪುರಕ್ಕೆ ಚುಕ್ಕೆ ಇಟ್ಟರು. ಆ ವರ್ಷವಿಡೀ ಬೇಲೂರಿಗಿಂತ ಹೊಳೆನರಸೀಪುರವನ್ನೇ ಗಟ್ಟಿಯಾಗಿ ಕೂಗಿದೆವು.

ಕಾರ್ಡನ್ನು ಮಿಸ್ಸಿಗೆ ವಾಪಸು ಕೊಟ್ಟೆ. ಅವರು ಐದನೇ ಕ್ಲಾಸಿನ ಹಾಜರಿಯಲ್ಲಿ ಅವನ ಹೆಸರು ಬರೆದಾಗಿತ್ತು. ದಿನಾ ಬೆಳಿಗ್ಗೆ ಕರೆಯುತ್ತಿದ್ದರು. ನಾವೆಲ್ಲ ಒಟ್ಟಿಗೆ "ಬಂದಿಲ್ಲಾ ಮಿಸ್" ಅನ್ನುತ್ತಿದ್ದೆವು, ಹಾಡಿನ ಥರ ರಾಗವಾಗಿ. ಗೌರಿ ಹಬ್ಬ ಕಳೆದ ಮೇಲೆ ಆ ಹೆಸರು ಬಿಟ್ಟು ಮುಂದಿನದಕ್ಕೆ ಹೋಗತೊಡಗಿದರು. ಒಂದೆರಡು ದಿನ ನಾವು ಅಭ್ಯಾಸಬಲದಿಂದ ಕೂಗಿದೆವು, ಆಮೇಲೆ ನಿಲ್ಲಿಸಿದೆವು.

ದಸರಾಗೆ ಹಲಗೆ ಬಳಿದರು. ದೊಡ್ಡ ಹುಡುಗರು ಸೊಪ್ಪು ಜಾಸ್ತಿ ಹಾಕಿ ಹಸಿರು ಮಾಡಿಟ್ಟರು.

ನವೆಂಬರಿನಲ್ಲಿ ಕುಯ್ಲು ಶುರುವಾಯಿತು. ಲೈನಿಗೆ ಜನ ಬಂದಿದ್ದಾರೆ ಅಂತ ಗೊತ್ತಾಗಿ ಒಂದು ಶನಿವಾರ ಬೆಳಗಿನ ಶಾಲೆ ಬಿಟ್ಟ ಮೇಲೆ ನೋಡಲು ಹೋದೆ. ಬಾಗಿಲು ತೆರೆದಿತ್ತು. ಹೊರಗೆ ನನ್ನಷ್ಟೇ ಎತ್ತರದ ಹುಡುಗನೊಬ್ಬ ಸೊಂಟದ ಮೇಲೆ ಮಗು ಕೂರಿಸಿಕೊಂಡು ನಿಂತಿದ್ದ. ಅವನಲ್ಲ, ಬೇರೆ ಯಾರೋ.